ಹೆಪ್ಪು ಹಾಕುವ ಹೊತ್ತು

ನಾನು ಐದನೆಯ ತರಗತಿಯಲ್ಲಿದ್ದಾಗ, ಶಾಲೆಯ ಚೀಲವನ್ನು ಜಗುಲಿಯ ಮೇಲೆ ಎಸೆಯುವುದನ್ನೇ ಕಾಯುತ್ತಿತ್ತೇನೋ ಎಂಬಂತೆ ರಾಗಿಯ ಡಬ್ಬ ಬಾಗಿಲ ಬಳಿ ಕುಳಿತಿರುತ್ತಿತ್ತು. ಅವ್ವ ಕೇರಿ, ಕಲ್ಲು ಆರಿಸಿ ತುಂಬಿಟ್ಟ ಆ ಡಬ್ಬವನ್ನು ತಲೆಯ ಮೇಲೆ ಹೊತ್ತು ಗಿರಣಿಗೆ ಹೋಗಿ ಸಾಲಿನಲ್ಲಿಟ್ಟು, ರಾಗಿಯ ಹಿಂದೆಯೇ ತಮ್ಮ ಸರದಿ ಬಂದರೆ ಹಿಟ್ಟು ಕಪ್ಪಾಗುತ್ತದೆಂದು ಅಕ್ಕಿ ತಂದವರು ತೆಗೆಯುವ ಜಗಳವನ್ನು ಕೇಳುತ್ತಾ ಕೂರುವುದು ನನ್ನ ಕೆಲಸ. ಹಿಂದಿರುಗುವಾಗ ಹಿಟ್ಟಿನ ಬಿಸಿ ಡಬ್ಬದ ತಳದಿಂದ ನೆತ್ತಿಗೆ ಇಳಿಯುತ್ತಿತ್ತು. ಅವ್ವ ಒಂದು ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ತರಿಯಾಗಿದ್ದರೆ ಗಿರಣಿಯವನನ್ನು ಬಿಟ್ಟು ನನ್ನನ್ನೇ ಬೈಯುತ್ತಿದ್ದಳು. ಆ ಬೈಗುಳದಿಂದ ನನಗೆ ಬೇಸರವಾಗುತ್ತಿರಲಿಲ್ಲ. ನಾನು ತಡಮಾಡಿದರೆ ಆ ರಾತ್ರಿ ಮನೆಯಲ್ಲಿ ಮುದ್ದೆ ಆಗುವುದಿಲ್ಲವೆಂಬುದು ನನಗೆ ಗೊತ್ತಿತ್ತು.

ಅದೇ ಹೊತ್ತಿಗೆ ಅಕ್ಕ ಪಾತ್ರೆ ತೊಳೆದು, ಕಸ ಗುಡಿಸಿ, ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಿ ಇಟ್ಟಿರುತ್ತಿದ್ದಳು. ಅದನ್ನು ಯಾರೂ ಕೆಲಸವೆಂದು ಎಣಿಸಲಿಲ್ಲ; ವಾರಕ್ಕೊಮ್ಮೆ ಗಿರಣಿಗೆ ಹೋಗಿಬಂದ ನಾನು ಮಾತ್ರ ಊರೆಲ್ಲ ‘ಕೆಲಸದ ಹುಡುಗ’ ಎನಿಸಿಕೊಂಡೆ.

ಈಗ ಫ್ಲ್ಯಾಟಿನಲ್ಲಿ ಮಗಳಿಗೊಂದು ಕೆಲಸ ಹುಡುಕುವುದೇ ಕೆಲಸವಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯೂ, ಶಾಲೆ ಬಿಟ್ಟ ಮೇಲೆ ಅಪಾಯವಿಲ್ಲದ ಕೆಲಸಗಳಲ್ಲಿ ಮಕ್ಕಳು ಮನೆಯವರಿಗೆ ನೆರವಾಗುವುದಕ್ಕೆ ಅಡ್ಡಿಮಾಡಿಲ್ಲವೆಂದು ಅವಳಿಗೆ ಓದಿ ಹೇಳಿದೆ. ಕಾನೂನಿನ ಈ ಭಾಗ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಬಾಲ್ಕನಿಯ ಎರಡು ಕುಂಡಗಳಿಗೆ ನೀರು ಹಾಕಿಸಿ, ಹಾಕಿದ ದಿನ ಗೋಡೆಯ ಪಟ್ಟಿಯಲ್ಲಿ ನಕ್ಷತ್ರ ಅಂಟಿಸಿದೆವು. ಅವಳು ಮರೆತರೆ ನಾನು ಹಾಕುತ್ತೇನೆಂಬುದು ಅವಳಿಗೂ ಗೊತ್ತಿತ್ತು, ಬಹುಶಃ ಕುಂಡದ ತುಳಸಿಗೂ ಗೊತ್ತಿತ್ತು. ಹದಿನೈದು ದಿನಗಳಲ್ಲಿ ನಕ್ಷತ್ರಗಳು ನಿಂತುಹೋದವು.

ಕೊನೆಗೆ ಸಂಜೆ ಹಾಲಿಗೆ ಹೆಪ್ಪು ಹಾಕುವುದನ್ನು ಅವಳಿಗೆ ಒಪ್ಪಿಸಿದೆವು. ಮೊದಲ ದಿನ ಆಟಕ್ಕೆ ಹೋಗುವ ಆತುರದಲ್ಲಿ ಸುಡುವ ಹಾಲಿಗೇ ಮೊಸರು ಬೆರೆಸಿದಳು. ಬೆಳಿಗ್ಗೆ ನೋಡಿದರೆ ಗಡ್ಡೆ ಬೇರೆ, ನೀರು ಬೇರೆ. ಆಮೇಲೊಂದು ಶನಿವಾರ ಪೂರ್ತಿ ಮರೆತೇಬಿಟ್ಟಳು. ಮರುದಿನ ಮಧ್ಯಾಹ್ನ ಅವಳ ತಾತ ಸಾರನ್ನ ಮುಗಿಸಿ, ಅಭ್ಯಾಸದಂತೆ ಮೊಸರಿಗೆಂದು ಒಂದು ಹಿಡಿ ಅನ್ನ ಉಳಿಸಿಕೊಂಡು, ಒಂದು ಗಳಿಗೆ ಕಾದು, ಏನೂ ಕೇಳದೆ ಅದಕ್ಕೆ ನೀರು, ಉಪ್ಪು ಬೆರೆಸಿಕೊಂಡು ಉಂಡು ಎದ್ದರು. ಮಗಳು ತನ್ನ ತಟ್ಟೆ ಬಿಟ್ಟು ಅವರ ತಟ್ಟೆಯನ್ನೇ ನೋಡುತ್ತಿದ್ದಳು.

ಪಟ್ಟಿಯನ್ನು ಗೋಡೆಯಿಂದ ತೆಗೆದಿದ್ದೇವೆ. ಈ ಚಳಿಗಾಲದಲ್ಲಿ ಅವಳು ಹೆಪ್ಪು ಹಾಕಿದ ಪಾತ್ರೆಗೆ ಹಳೆಯ ಟವೆಲ್ಲೊಂದನ್ನು ಸುತ್ತುತ್ತಾಳೆ. ನಿನ್ನೆ ನಾನು ಹಾಲಿನ ಪಾತ್ರೆಯ ಮುಚ್ಚಳಕ್ಕೆ ಕೈಹಾಕಿದಾಗ ಅವಳು ಕಿರುಬೆರಳು ಅದ್ದಿ ನೋಡಿ, “ಅಪ್ಪ, ಇನ್ನೂ ಬಿಸಿ ಇದೆ, ನೀನು ಮುಟ್ಟಬೇಡ” ಎಂದಳು.