ಮಾವನ ಗುಂಡು

ಇವತ್ತು ಬೆಳಗ್ಗೆ ಕಾಫಿ ಲೋಟ ಬಾಯಿಗಿಡುವ ಮೊದಲೇ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಟಣ್ ಅಂತು. "ಗಡಿಯಾರದ ಕಂಬ ವಾಲ್ಕಂಡದೆ." ಕಳಿಸಿದವರು ನಮ್ಮ ಮಾವ, ಅಂದರೆ ಹೆಂಡತಿಯ ಅಪ್ಪ. ಕಂಬ ಅಂದದ್ದು ಯಾವುದಕ್ಕೆ ಗೊತ್ತಾ? ಮೈಸೂರಿನ ದೊಡ್ಡ ಗಡಿಯಾರಕ್ಕೆ! ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ 1927ರಲ್ಲಿ ಕಟ್ಟಿದ 75 ಅಡಿ ಗೋಪುರ. ಅಂದಿನಿಂದ ಮಳೆ, ಬಿಸಿಲು, ದಸರಾ ಜನ ಎಲ್ಲ ತಡೆದುಕೊಂಡು ನೆಟ್ಟಗೆ ನಿಂತಿದೆ. ನಾನು ಫೋಟೋ ತೆಗೆದೆ ನೋಡಿ, ವಾಲಿಬಿಟ್ಟಿತು.

ನನಗೆ ಈ ಕಟ್ಟಡಗಳ ಹುಚ್ಚು ಹತ್ತಿ ಆರು ತಿಂಗಳಾಯಿತು. ಮೊದಲು ನೆಂಟರ ಫೋಟೋ ತೆಗೀತಿದ್ದೆ. ಒಬ್ಬರಿಗೆ ಹೊಟ್ಟೆ ಕಂಡಿತು, ಒಬ್ಬರಿಗೆ ಬಕ್ಕತಲೆ ಕಂಡಿತು, ಅತ್ತಿಗೆಯ ಕಣ್ಣು ಎಲ್ಲ ಫೋಟೋದಲ್ಲೂ ಮುಚ್ಚಿತ್ತು ಮತ್ತು ಅದು ನನ್ನದೇ ತಪ್ಪಂತೆ. ಕಟ್ಟಡ ಕಣ್ಣು ಮುಚ್ಚಲ್ಲ, ಸೆರಗು ಸರಿ ಮಾಡ್ಕೊಳ್ಳಲ್ಲ, ಡಿಲೀಟ್ ಮಾಡು ಅಂತ ಕೈ ಹಿಡಿಯಲ್ಲ. ಮೈಸೂರಲ್ಲಿ ಅದಕ್ಕೆ ಬರವೂ ಇಲ್ಲ. ಸುಮ್ನೆ ಹಾಲು ತರಲು ಹೋದರೂ ದಾರಿಯಲ್ಲೊಂದು ಗುಮ್ಮಟ ಸಿಗುತ್ತದೆ.

ಫೋಟೋ ಹೇಗಿದೆ ಅಂತ ಕೇಳಿದರೆ ಸ್ನೇಹಿತರೆಲ್ಲ ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತಾರೆ. "ಸೂಪರ್ ಮಗಾ." ಅಷ್ಟೇ. ನಿಜ ಹೇಳುವವರು ಒಬ್ಬರೇ, ಮಾವ. ಅವರು ಮಂಡ್ಯ ಕಡೆ ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಈಗ ಕೆಲಸ ಬಿಟ್ಟಿದ್ದಾರೆ, ಆದರೆ ಗುಂಡು ಬಿಟ್ಟಿಲ್ಲ. ಆ ಗುಂಡಲ್ಲ ಸ್ವಾಮಿ. ಗೋಡೆ ನೆಟ್ಟಗಿದೆಯಾ ಅಂತ ದಾರಕ್ಕೆ ಕಟ್ಟಿ ಇಳಿಬಿಡ್ತಾರಲ್ಲ, ಆ ಹಿತ್ತಾಳೆ ಗುಂಡು. ನಿಂಬೆಹಣ್ಣಿನ ಗಾತ್ರ, ಬುಗುರಿಯ ಆಕಾರ, ಉಜ್ಜಿ ಉಜ್ಜಿ ಫಳಫಳ ಅನ್ನುತ್ತದೆ. ಜೇಬಿನಲ್ಲಿ ಎಲೆ ಅಡಿಕೆ ಚೀಲದ ಪಕ್ಕದಲ್ಲೇ ಅದರ ವಾಸ.

ಮೊದಲ ಸಲ ನನ್ನ ಫೋಟೋ ನೋಡಿದಾಗ ಅವರು ಮಾತೇ ಆಡಲಿಲ್ಲ. ಫೋನನ್ನು ನೀರಿನ ಚೊಂಬಿಗೆ ಒರಗಿಸಿದರು. ಜೇಬಿಗೆ ಕೈ ಹಾಕಿ ದಾರ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಗುಂಡನ್ನು ಸ್ಕ್ರೀನಿನ ಮುಂದೆ ಇಳಿಬಿಟ್ಟರು. ಒಳಗಿಂದ ಹೆಂಡತಿ "ಅಪ್ಪ ಏನ್ ಮಾಡ್ತಿದ್ದಾರೆ?" ಅಂದಳು. ನಾನು ಯೋಚನೆ ಮಾಡದೆ "ಗುಂಡು ಹಾಕ್ತಿದ್ದಾರೆ" ಅಂದೆ. ಅವಳಿಗಿಂತ ಮೊದಲು ಸೌಟು ಬಂತು.

ದಾರ ನೆಟ್ಟಗಿತ್ತು, ಗೋಪುರ ನೆಟ್ಟಗಿರಲಿಲ್ಲ.

ತಪ್ಪು ಏನು ಅಂತ ಆಮೇಲೆ ಗೊತ್ತಾಯಿತು. ಎತ್ತರದ್ದು ಪೂರ್ತಿ ಬರಲಿ ಅಂತ ಕ್ಯಾಮೆರಾದ ಮೂತಿ ಮೇಲೆತ್ತಿದ ಕೂಡಲೇ ಗೋಡೆಯ ಗೆರೆಗಳು ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ, ಕಟ್ಟಡ ಮಲಗೋಕೆ ಹೊರಟ ಹಾಗೆ ಹಿಂದಕ್ಕೆ ಒರಗುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಗೆರೆಗಳೂ ನೆಟ್ಟಗೆ. ಆದರೆ ಆಗ ಅರ್ಧ ಫೋಟೋ ಬರೀ ಟಾರು ರಸ್ತೆ, ಒಂದು ಆಟೋ, ಒಂದು ಹಸು. ಸರಿ ಅಂತ ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆಪ್ ಹಾಕ್ಕೊಂಡೆ. ಅದರಲ್ಲಿ ಪರ್ಸ್ಪೆಕ್ಟಿವ್ ಅಂತ ಒಂದಿದೆ, ಬೆರಳಲ್ಲಿ ಎಳೆದರೆ ಗೋಡೆ ನೆಟ್ಟಗಾಗುತ್ತದೆ. ನಲವತ್ತು ವರ್ಷದ ಮೇಸ್ತ್ರಿ ಕೆಲಸ ಒಂದು ಬೆರಳಲ್ಲಿ! ಖುಷಿಗೆ ಜಾಸ್ತಿ ಎಳೆದೆ. ಗೋಪುರ ಮೇಲೆ ದಪ್ಪ, ಕೆಳಗೆ ಸಣ್ಣ ಆಗಿ ಕೋನ್ ಐಸ್‌ಕ್ರೀಂ ಥರ ಕೂತಿತು. ಎಳೆದಾಗ ಅಂಚು ಕತ್ತರಿಸಿಹೋಗುತ್ತೆ ಅಂತ ಯಾರೂ ಹೇಳಿರಲಿಲ್ಲ, ಗಡಿಯಾರದ ತಲೆಯೇ ಹೋಯಿತು. ಹೋದ ತಲೆಯ ದುಃಖಕ್ಕೆ ಅದರಲ್ಲೇ ಇರೋ ಎಚ್‌ಡಿಆರ್, ಅಂದರೆ ನೆರಳು ಬೆಳಕು ಎರಡೂ ಎದ್ದು ಕಾಣೋ ಹಾಗೆ ಮಾಡೋದು, ಒತ್ತಿದೆ. ಉಳಿದ ಮುಂಡದ ಸುತ್ತ ಬೆಳ್ಳಗೆ ಒಂದು ಪ್ರಭಾವಳಿ ಬಂತು. ಕೈ ಮುಗಿಯೋಣ ಅನ್ನಿಸುವಷ್ಟು.

ಹೋದ ಭಾನುವಾರ ಮಾವ ಮೈಸೂರಿಗೆ ಬಂದಿದ್ದರು. "ನಾನೂ ಬತ್ತೀನಿ, ಅದೆಂಗ್ ವಾಲ್ತದೆ ನೋಡ್ತೀನಿ" ಅಂತ ಹೊರಟೇಬಿಟ್ಟರು. ಫಿಲೋಮಿನಾ ಚರ್ಚಿಗೆ ಹೋದೆವು. ಅವಳಿ ಗೋಪುರ, ಒಂದೊಂದೂ 175 ಅಡಿ. ನನ್ನ ಫೋಟೋದಲ್ಲಿ ಅವೆರಡೂ ಅತ್ತೆ ಸೊಸೆ ವಿಷಯ ಗುಟ್ಟಾಗಿ ಮಾತಾಡೋ ಹೆಂಗಸರ ಹಾಗೆ ಒಂದರ ಕಿವಿಗೊಂದು ಬಾಗಿದ್ದವು. ನಾನು ಸೊಂಟ ಹಿಂದಕ್ಕೆ ಬಗ್ಗಿಸಿ ತೆಗೀತಿದ್ದೀನಿ, ಕ್ಯಾಮೆರಾದ ಮುಂದೆ ದಿಢೀರನೆ ಹಿತ್ತಾಳೆ ಗುಂಡು. ಮಾವ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತಿದ್ದಾರೆ. ಗಾಳಿಗೆ ಗುಂಡು ತೂಗುತ್ತಿದೆ. ಅದು ನಿಲ್ಲೋವರೆಗೂ ಅವರು ಅಲ್ಲಾಡಲ್ಲ. ಅವರು ಅಲ್ಲಾಡದೆ ನನಗೆ ಗೋಪುರ ಕಾಣಲ್ಲ. ಎರಡು ನಿಮಿಷ, ಮೂರು ನಿಮಿಷ. ನೋಡುನೋಡುತ್ತಲೇ ಸುತ್ತ ಹತ್ತು ಜನ ಸೇರಿದರು. ಒಬ್ಬರು ಮೆಲ್ಲಗೆ ನನ್ನ ಹತ್ತಿರ, "ಬೋರ್‌ವೆಲ್ ಪಾಯಿಂಟ್ ನೋಡ್ತಾರಾ? ನಮ್ಮ ಸೈಟಿಗೂ ಬರ್ತಾರಾ?" ಅಂದರು. ಒಬ್ಬ ಹುಡುಗ ಅದನ್ನು ಬುಗುರಿ ಅಂತ ಕೇಳಿ ಅಮ್ಮನ ಕೈಲಿ ಪೆಟ್ಟು ತಿಂದ.

ಕಡೆಗೆ ಗುಂಡು ನಿಂತಿತು. "ಗ್ವಾಡೆ ಸರ್ಯಾಗದೆ. ತಪ್ಪು ನಿಮ್ದೇಯ. ಇಂದಕ್ಕೋಗಿ." ಹೋದೆ. "ಇನ್ನೂ ಇಂದಕ್ಕೋಗಿ." ಹೋದೆ. ಎಳನೀರು ಗಾಡಿ ಬೆನ್ನಿಗೆ ಹೊಡೆಯಿತು. ಅಲ್ಲಿಂದ ನೋಡಿದರೆ ಮೂತಿ ಎತ್ತೋ ಅಗತ್ಯವೇ ಇರಲಿಲ್ಲ. ಎರಡೂ ಗೋಪುರ ನೆಟ್ಟಗೆ. ನಾನು ಎರಡು ತಿಂಗಳು ಬೆರಳಲ್ಲಿ ಎಳೆದಾಡಿದ್ದಕ್ಕೆ ಔಷಧ ಇಪ್ಪತ್ತು ಹೆಜ್ಜೆ ಮತ್ತು ಒಂದು ಎಳನೀರು.

ವಾಪಸ್ ಬರುವಾಗ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನಿಂತೆವು. 1892ರದ್ದು. ಅಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲೇ ನಾನು ಪಿಯುಸಿ ಪುಸ್ತಕ ಕೊಂಡದ್ದು, ಬೇರೆ ಯಾರದೋ ಹೆಸರು ಹೊಡೆದು ನನ್ನ ಹೆಸರು ಬರೆದುಕೊಂಡದ್ದು. 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. ಮಾವ ಕಮಾನುಗಳನ್ನೇ ತುಂಬ ಹೊತ್ತು ನೋಡಿದರು. "ಸುಣ್ಣದ ಗಾರೆ" ಅಂದರು. ನಾನು ತಮಾಷೆಗೆ "ಇದಕ್ಕೆ ಗುಂಡು ಬಿಡಲ್ವಾ ಮಾವ?" ಅಂದೆ. "ಬ್ಯಾಡ ಬುಡಿ" ಅಂದು, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಮುಂದೆ ನಡೆದರು. ನಾನೂ ಫೋಟೋ ತೆಗೀಲಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ಇವತ್ತು "ವಾಲ್ಕಂಡದೆ" ಅಂದರೆ ಸಿಟ್ಟು ಬರಲ್ವಾ? ಅದು ಎರಡು ತಿಂಗಳ ಹಿಂದಿನ ಫೋಟೋ ಮಾವ, ಚರ್ಚಿನದ್ದು ನೋಡಿ ಅಂತ ಬರೆದು ಹೊಸದನ್ನು ಹಾಕಿದೆ. ಹತ್ತು ನಿಮಿಷ ಉತ್ತರ ಇಲ್ಲ. ಊರಲ್ಲಿ ಫೋನು ಚೊಂಬಿಗೆ ಒರಗಿರಬೇಕು. ಆಮೇಲೆ ಅವರದ್ದೇ ಒಂದು ಫೋಟೋ ಬಂತು. ಆ ದಿನ ಅವರು ಯಾವಾಗ ತೆಗೆದರೋ, ಮೂಲೆಯಲ್ಲಿ ಅವರ ಹೆಬ್ಬೆರಳು, ಹಿಂದೆ ಚರ್ಚು, ಮುಂದೆ ಸೊಂಟ ಬಗ್ಗಿಸಿ ಆಕಾಶ ನೋಡ್ತಿರೋ ನಾನು. ಕೆಳಗೆ ಬರೆದಿದ್ದರು: "ಗ್ವಾಡೆ ನೆಟ್ಟಗದೆ. ಅಳಿಯಂದ್ರು ವಾಲ್ಕಂಡವ್ರೆ."

ಅತ್ತಿಗೆಯದ್ದೂ ಸೇರಿ ಹದಿನಾರು ಹೃದಯ ಬಿದ್ದಿವೆ.