ಆಸ್ಪರ್ಜರ್‌ಗೆ ಅಮ್ಮ ಕಾರಣ ಅಲ್ಲ: ಒಂದು ಸ್ಪಷ್ಟನೆ

'ಅಮ್ಮ ಮುದ್ದು ಮಾಡದಿದ್ದರೆ ಮಗುವಿಗೆ ಆಸ್ಪರ್ಜರ್ ಬರುತ್ತದೆ' ಅನ್ನೋ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಆಸ್ಪರ್ಜರ್ ಅಂದರೆ ಆಟಿಸಂನ ಒಂದು ಬಗೆ: ಬೇರೆಯವರ ಜೊತೆ ಬೆರೆಯೋದು ಕಷ್ಟ, ಎಷ್ಟೋ ಮಕ್ಕಳಿಗೆ ಸದ್ದು, ಸ್ಪರ್ಶ ಕೂಡ ವಿಪರೀತ ತಾಗುತ್ತದೆ. ಇದು ಸುಳ್ಳು, ಅದೂ ಹಳೇ ಸುಳ್ಳು. ಅಮೆರಿಕದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಆಟಿಸಂ ಬಗ್ಗೆ ಇದ್ದ ಇಂಥದೇ ವಾದವನ್ನು ತಳ್ಳಿಹಾಕಿದ್ದರು. ಅವರ ಮಗನಿಗೂ ಆಟಿಸಂ ಇತ್ತು.

ಈ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ. ಅದರಲ್ಲಿ ವಂಶವಾಹಿಗಳ ಪಾಲು ಜಾಸ್ತಿ. ಹೊಸ ಅಂಗಿಯ ಲೇಬಲ್ ಚುಚ್ಚುತ್ತದೆ ಅಂತ ಅದನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆಯುವ, ಮಿಕ್ಸಿ ಹಾಕುವ ಮುಂಚೆ 'ಈಗ ಸದ್ದಾಗುತ್ತೆ ಕಂದಾ' ಅಂತ ಹೇಳುವ ಅಮ್ಮನಿಗೆ ಪ್ರೀತಿ ಇಲ್ವಂತೆ! ಸುಮ್ನೆ ಏನೇನೋ ಬರೀತಾರೆ.

ಅಂದ ಹಾಗೆ, ಅಮೆರಿಕದ ಮನೋವೈದ್ಯರ ಡಿಎಸ್ಎಂ ಕೈಪಿಡಿ (ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಬಳಸುವ ಪುಸ್ತಕ) 2013ರಲ್ಲಿ ಆಸ್ಪರ್ಜರನ್ನು, ಆಟಿಸಂನ ಹಲವು ಬಗೆಗಳಿಗೆ ಒಟ್ಟಾಗಿ ಇಟ್ಟ ಹೆಸರಾದ ಆಟಿಸಂ ಸ್ಪೆಕ್ಟ್ರಮ್‌ಗೆ ಸೇರಿಸಿತು. ಹಾಗಾಗಿ ಈಗಿನ ವರದಿಗಳಲ್ಲಿ ಹಳೇ ಹೆಸರು ಕಾಣದಿದ್ದರೆ ಗಾಬರಿ ಬೇಡ.