ಚಳಿಗಾಲಕ್ಕೆ ಪೆಟ್ಟಿಗೆ ಹೊದ್ದ ಕಲ್ಲು

ಸ್ಕಾಟ್ಲೆಂಡಿನ ಆಂಗಸ್ ಸೀಮೆಯಲ್ಲಿ, ಫಾರ್ಫರ್‌ನಿಂದ ಬ್ರೀಕಿನ್‌ಗೆ ಹೋಗುವ ದಾರಿಯಲ್ಲಿ ಅಬರ್ಲೆಮ್ನೊ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿಯ ಹಳೆಯ ಕೆತ್ತನೆ ಕಲ್ಲುಗಳನ್ನು ನೋಡಲು ನಾನು ಮೊದಲ ಸಲ ಹೋದದ್ದು ನವೆಂಬರಿನಲ್ಲಿ. ರಸ್ತೆ ಬದಿಯಲ್ಲೂ ಚರ್ಚಿನಂಗಳದಲ್ಲೂ ಮರದ ಪೆಟ್ಟಿಗೆಗಳು ನಿಂತಿದ್ದವು, ಕಲ್ಲು ಕಾಣಲೇ ಇಲ್ಲ. ಮರಳುಗಲ್ಲು ನೀರು ಕುಡಿಯುತ್ತದೆ. ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೆತ್ತನೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅದಕ್ಕೇ ಪ್ರತಿ ಚಳಿಗಾಲಕ್ಕೆ ಪೆಟ್ಟಿಗೆ ಮುಚ್ಚಿ, ವಸಂತಕ್ಕೆ ತೆಗೆಯುತ್ತಾರೆ.

ಮೇ ತಿಂಗಳಲ್ಲಿ ಮತ್ತೆ ಹೋದೆ. ಚರ್ಚಿನಂಗಳದ ಕಲ್ಲಿಗೆ ಒಂದು ಮೈಯಲ್ಲಿ ಶಿಲುಬೆ, ಇನ್ನೊಂದು ಮೈಯಲ್ಲಿ ಯುದ್ಧ. ಮೂರು ಸಾಲುಗಳಲ್ಲಿ ಕುದುರೆ ಸವಾರರು, ಈಟಿ ಹಿಡಿದ ಕಾಲಾಳುಗಳು. ನಮ್ಮ ವೀರಗಲ್ಲಿಗೂ ಮೂರು ಪಟ್ಟಿಕೆಯಲ್ಲವೇ! ಕಣ್ಣು ತಾನಾಗಿ ಕೆಳಗಿನಿಂದ ಮೇಲಕ್ಕೆ ಓದತೊಡಗಿತು: ಕಾಳಗ, ಅಪ್ಸರೆಯರು, ಕೈಲಾಸ. ಇಲ್ಲಿ ಹಾಗಿಲ್ಲ. ಕೆಳಮೂಲೆಯಲ್ಲಿ ಬಿದ್ದ ಯೋಧನ ಮುಖವನ್ನು ಹಕ್ಕಿಯೊಂದು ಕುಕ್ಕುತ್ತಿದೆ, ಅಷ್ಟೆ. ಆಗ ಈ ಸೀಮೆಯಲ್ಲಿದ್ದ ಪಿಕ್ಟ್ ಜನ ದಕ್ಷಿಣದ ನಾರ್ತಂಬ್ರಿಯ ರಾಜ್ಯದ ದಂಡನ್ನು ಸೋಲಿಸಿದ 685ರ ಯುದ್ಧವೇ ಇದೆಂದು ಹಲವರು ಹೇಳುತ್ತಾರೆ. ಕಲ್ಲಿನ ಮೇಲೆ ಮಾತ್ರ ಒಂದಕ್ಷರವೂ ಇಲ್ಲ. ಹೆಸರೇ ಗೊತ್ತಿಲ್ಲದ ಒಬ್ಬ ಸತ್ತವನಿಗಾಗಿ ಇವರು ವರ್ಷವರ್ಷವೂ ಪೆಟ್ಟಿಗೆ ಹೊತ್ತು ತರುತ್ತಾರಲ್ಲ ಎಂದು ಮನಸ್ಸು ತುಂಬಿ ಬಂತು.

ನಮ್ಮ ಕಲ್ಲುಗಳಲ್ಲಿ ಅಕ್ಷರವಿದೆ. ಬೇಗೂರಿನದು ‘ಬೆಂಗುಳೂರ ಕಾಳಗ’ ಎಂದು ಊರನ್ನೇ ಹೆಸರಿಸುತ್ತದೆ. ಆತಕೂರಿನ 949ರ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ಈ ಕಲ್ಲನ್ನು ಪೂಜಿಸದೆ ಗೊರವ (ಅಲ್ಲಿಯ ಶೈವ ಪೂಜಾರಿ) ಉಂಡರೆ ಪಾಪ ತಟ್ಟುತ್ತದೆ ಎಂದೂ ಅದರಲ್ಲೇ ಬರೆದಿದೆ. ನೆಟ್ಟವರು ನೋಡಿಕೊಳ್ಳುವ ಹೊಣೆಯನ್ನೂ ಕೆತ್ತಿಸಿಟ್ಟು ಹೋಗಿದ್ದರು.

ನಮ್ಮೂರ ಕೆರೆ ಏರಿಯ ಮೇಲಿದ್ದ ವೀರಗಲ್ಲು ರಸ್ತೆ ಅಗಲ ಮಾಡಿದಾಗ ಅರ್ಧಕ್ಕೆ ಕಾಂಕ್ರೀಟಿನಲ್ಲಿ ಹೂತುಹೋಯಿತು. ಅಜ್ಜಿ ಇರುವ ತನಕ ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ, ಅರಿಶಿನ ಹಚ್ಚುತ್ತಿದ್ದಳು. ಅದರಿಂದ ಕೆತ್ತನೆ ಮಸುಕಾಗುತ್ತದೆ ಎನ್ನುವವರಿದ್ದಾರೆ, ನಿಜವೇ ಇರಬೇಕು. ಆದರೂ ಅವಳಿದ್ದಾಗ ಆ ಕಲ್ಲನ್ನು ಅಲುಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅಬರ್ಲೆಮ್ನೊದ ಪೆಟ್ಟಿಗೆ ಮಾಡುವ ಕೆಲಸವನ್ನು ಅವಳ ಎಣ್ಣೆ ಬಟ್ಟಲು ಮಾಡುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಸಂಕ್ರಾಂತಿಗೆ ಊರಿಗೆ ಹೋಗುತ್ತಿದ್ದೇನೆ. ಅಣ್ಣನಿಗೆ ಆಗಲೇ ಫೋನ್ ಮಾಡಿದೆ: ಪಂಚಾಯಿತಿಗೆ ಅರ್ಜಿ ಕೊಡೋಣ, ಕಾಂಕ್ರೀಟು ಒಡೆಸುವ ಖರ್ಚು ನನ್ನದು, ಕೆತ್ತನೆಗೆ ಪೆಟ್ಟು ಬೀಳದಂತೆ ಬಿಡಿಸಬಲ್ಲ ಕಲ್ಲುಕುಟಿಗರನ್ನು ನೀನು ಹುಡುಕು ಅಂತ. ಕೆಳಪಟ್ಟಿಯಲ್ಲಿ ಎರಡು ಸಾಲು ಅಕ್ಷರ ಇದ್ದದ್ದು ಅವನಿಗೆ ನೆನಪಿದೆ. ಏನು ಬರೆದಿತ್ತೆಂದು ನಾವ್ಯಾರೂ ಓದಿಸಿರಲಿಲ್ಲ.